ಹಿಮ ಬೀಳುವ ಊರಲ್ಲಿ ಚಳಿಗಾಲವಿಡೀ ಸೈಕಲ್ಲಿನಲ್ಲೇ ಕೆಲಸಕ್ಕೆ: ಸಮಗ್ರ ಮಾರ್ಗದರ್ಶಿ

ಚಳಿಗಾಲದಲ್ಲಿ ಸೈಕಲ್ ತುಳಿಯಲು ಹೊಸದಾಗಿ ಹೊರಟವರು ಹೆದರುವುದು ಥರ್ಮಾಮೀಟರಿಗೆ. ಎರಡು ಮೂರು ಚಳಿಗಾಲ ಕಳೆದವರನ್ನು ಕೇಳಿ ನೋಡಿ. ಮೈನಸ್ 15 ಡಿಗ್ರಿಯ ಒಣ ಬೆಳಗು ಅವರಿಗೆ ಇಷ್ಟ. ಬೈದುಕೊಳ್ಳುವುದೆಲ್ಲ ಸೊನ್ನೆಯ ಆಸುಪಾಸಿನ ದಿನಗಳನ್ನು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ನೀರು ರಸ್ತೆಯನ್ನು ಗಾಜಾಗಿಸುತ್ತದೆ, ಬ್ರೇಕ್ ಕೇಬಲ್ಲಿನೊಳಗೆ ಸೇರಿ ಸೆಟೆದು ನಿಲ್ಲುತ್ತದೆ, ಹಬ್ಬಿನೊಳಗೆ, ಅಂದರೆ ಚಕ್ರದ ನಡುವಿನ ಗುಂಬದೊಳಗೆ, ಕೂತು ಪೆಡಲನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ, ಬೆವರಾಗಿ ಒಳಅಂಗಿಯಲ್ಲಿ ಉಳಿದು ಬೆನ್ನು ಕೊರೆಯುತ್ತದೆ. ಹಾಗಾಗಿ ಕೆಳಗೆ ಹೇಳಿರುವ ಬಹುಪಾಲು ತಯಾರಿ ನೀರಿನದೇ: ಅದು ಎಲ್ಲೆಲ್ಲಿ ಹೋಗಿ ಕೂರುತ್ತದೆ, ಅಲ್ಲಿಂದ ಅದನ್ನು ಹೇಗೆ ಓಡಿಸುವುದು.

ಫಿನ್‌ಲೆಂಡಿನ ಔಲು ನಗರ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ವಿಂಟರ್ ಸೈಕ್ಲಿಂಗ್ ಕಾಂಗ್ರೆಸ್ 2013ರಲ್ಲಿ ನಡೆದದ್ದು ಅಲ್ಲಿ. ಅಲ್ಲಿನ ಸೈಕಲ್ ದಾರಿಗಳಲ್ಲಿ ಹಿಮವನ್ನು ನೆಲ ಕಾಣುವ ತನಕ ಕೆರೆದು ತೆಗೆಯುವುದಕ್ಕಿಂತ, ಒತ್ತಿ ಗಟ್ಟಿಮಾಡಿ, ಮೇಲ್ಮೈಯನ್ನು ಗೀರಿ ತರಿಯಾಗಿಸಿ, ಸಣ್ಣ ಜಲ್ಲಿ ಹರಡುವುದೇ ಹೆಚ್ಚು. ಒಣಗಿದ ಗಟ್ಟಿ ಹಿಮ ಸೈಕಲ್ಲಿಗೆ ಒಳ್ಳೆಯ ರಸ್ತೆಯೇ. ಉಪ್ಪು ಸುರಿಯುವ ಊರುಗಳಲ್ಲಿ ಕಷ್ಟ ಬೇರೆ ಬಗೆಯದು. ಹಿಮ ಕರಗಿ ಕಂದು ರೊಚ್ಚೆಯಾಗುತ್ತದೆ, ಆ ಉಪ್ಪುನೀರು ಚೈನು, ಬೋಲ್ಟು, ಕೇಬಲ್ ಎಲ್ಲವನ್ನೂ ತಿನ್ನುತ್ತದೆ. ನಿಮ್ಮ ದಾರಿ ಇವೆರಡರಲ್ಲಿ ಯಾವ ಜಾತಿಯದು ಎಂದು ಮೊದಲು ನೋಡಿಕೊಳ್ಳಿ.

ಯಾವ ಸೈಕಲ್

ಒಳ್ಳೆಯ ಸೈಕಲ್ ಇದ್ದರೆ ಅದನ್ನು ಒಳಗಿಡಿ. ಚಳಿಗಾಲಕ್ಕೆ ಬೇಕಾದ್ದು ಸರಳವಾದ, ಹಳತಾದರೂ ಗಟ್ಟಿಮುಟ್ಟಾದ ಸೈಕಲ್. ಚೌಕಟ್ಟಿಗೂ ಟೈರಿಗೂ ನಡುವೆ ಅಗಲವಾದ ಜಾಗ, ಮಡ್‌ಗಾರ್ಡ್ ಕೂರಿಸಲು ತೂತುಗಳು, ಚಪ್ಪಟೆ ಪೆಡಲ್, ಇಷ್ಟಿದ್ದರೆ ಸಾಕು. ದಾರಿ ಸಮತಟ್ಟಾಗಿದ್ದರೆ ಗೇರ್ ಇಲ್ಲದ ಸೈಕಲ್ಲೇ ಮೇಲು, ಕೆಡುವ ಭಾಗಗಳೇ ಕಡಿಮೆ. ಏರಿಳಿತ ಇದ್ದರೆ ಹಬ್ಬಿನೊಳಗೇ ಗೇರ್ ಇರುವ ಸೈಕಲ್ ಚೆನ್ನ, ಹಿಮ ಅಲ್ಲಿಗೆ ತಲುಪುವುದಿಲ್ಲ. ಆದರೆ ತೀರಾ ಚಳಿಯಲ್ಲಿ ಅದರೊಳಗಿನ ಗ್ರೀಸ್ ಮೇಣದಂತಾಗಿ ಗೇರ್ ತಡವಾಗಿ ಬೀಳಬಹುದು. ಹೊರಗೆ ಹಲ್ಲುಚಕ್ರಗಳ ಸಾಲಿರುವ ಮಾಮೂಲಿ ಗೇರ್ ಸೈಕಲ್ಲಿನಲ್ಲೂ ನಡೆಯುತ್ತದೆ. ಅದರಲ್ಲಿ ಚಿಕ್ಕ ಚಕ್ರಗಳ ನಡುವೆ ಹಿಮ ಗಿಡಿದು ಕೂತು ಚೈನು ಮೇಲೆ ತೇಲಿ ಜಾರುತ್ತದೆ. ಹಿಮ ಬೀಳುವ ಹೊತ್ತಿನಲ್ಲಿ ನಡುವಿನ ಗೇರುಗಳಲ್ಲೇ ಇರಿ, ಆಗಾಗ ಒಂದೆರಡು ಗೇರ್ ಆಚೀಚೆ ಬದಲಿಸಿ. ಚೈನು ತಾನೇ ಹಿಮ ಕೆಡವುತ್ತದೆ.

ಸೀಟನ್ನು ಬೇಸಿಗೆಗಿಂತ 1ರಿಂದ 2 ಸೆಂಟಿಮೀಟರ್ ಇಳಿಸಿ. ಜಾರಿದಾಗ ಕಾಲು ನೆಲಕ್ಕೆ ಬೇಗ ಸಿಗಬೇಕು. ಇಷ್ಟು ಇಳಿಸಿದರೆ ಮೊಣಕಾಲಿಗೆ ತೊಂದರೆಯಿಲ್ಲ, ಇನ್ನೂ ಇಳಿಸಿದರೆ ನೋಯುತ್ತದೆ.

ಟೈರು: ದುಡ್ಡು ಹಾಕಬೇಕಾದ ಜಾಗ

ಒಂದೇ ವಸ್ತುವಿಗೆ ಖರ್ಚು ಮಾಡುವ ಶಕ್ತಿ ಇದ್ದರೆ ಅದು ಮೊಳೆ ಟೈರಿಗಿರಲಿ. ಇದರ ರಬ್ಬರಿನಲ್ಲಿ ನೂರರಿಂದ ಮುನ್ನೂರರವರೆಗೆ ಸಣ್ಣ ಲೋಹದ ಮೊಳೆಗಳಿರುತ್ತವೆ, ತುದಿ ಟಂಗ್‌ಸ್ಟನ್ ಕಾರ್ಬೈಡಿನದು. ಬರೀ ಉಕ್ಕಿನ ಮೊಳೆಯ ಅಗ್ಗದ ಟೈರ್ ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಕಾರ್ಬೈಡಿನದು ಹಲವು ಚಳಿಗಾಲ ಬಾಳುತ್ತದೆ. ಟೈರಿನ ಮೇಲೆ ಎಷ್ಟೇ ಆಳವಾದ ಕಚ್ಚುಗಳಿರಲಿ, ನಯವಾದ ಐಸಿನ ಮೇಲೆ ರಬ್ಬರು ಹಿಡಿಯುವುದಿಲ್ಲ. ಕಚ್ಚು ಹಿಮಕ್ಕೆ, ಮೊಳೆ ಐಸಿಗೆ. ಇವೆರಡನ್ನು ಒಂದೇ ಎಂದುಕೊಂಡು ಬಿದ್ದವರು ಬಹಳ.

ಮೊಳೆಗಳು ಎರಡು ಸಾಲಿನಲ್ಲಿರುತ್ತವೆ, ಇಲ್ಲವೇ ನಾಲ್ಕರಲ್ಲಿ. ದಾರಿ ಬಹುಪಾಲು ತೆರವಾಗಿದ್ದು ಅಲ್ಲಲ್ಲಿ ಮಾತ್ರ ಐಸ್ ಇದ್ದರೆ ಎರಡು ಸಾಲು ಸಾಕು. ತಿರುವುಗಳಲ್ಲಿ, ಹೆಪ್ಪುಗಟ್ಟಿದ ಗಾಲಿಜಾಡುಗಳಲ್ಲಿ ಕೈಹಿಡಿಯುವುದು ಅಂಚಿನ ಸಾಲುಗಳು, ಅದಕ್ಕೆ ನಾಲ್ಕು ಸಾಲು ಬೇಕು. ಒಂದೇ ಟೈರ್ ಕೊಳ್ಳುವುದಾದರೆ ಮುಂದಿನ ಚಕ್ರಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಸೈಕಲ್ ಬಾಲ ಆಡಿಸುತ್ತದೆ, ಸುಧಾರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಗೊತ್ತಾಗುವ ಹೊತ್ತಿಗೆ ಸೊಂಟ ನೆಲದ ಮೇಲಿರುತ್ತದೆ.

ಅಳತೆಗೆ ಹಳೆಯ ಟೈರಿನ ಪಕ್ಕದಲ್ಲಿ ಅಚ್ಚಾದ ಜೋಡಿ ಸಂಖ್ಯೆ ನೋಡಿ. 42-622 ಎಂದಿದ್ದರೆ ಅಗಲ 42 ಮಿಲಿಮೀಟರ್, ಟೈರ್ ರಿಮ್ಮಿನ ಮೇಲೆ ಕೂರುವ ವ್ಯಾಸ 622 ಮಿಲಿಮೀಟರ್. ಎರಡನೆಯ ಸಂಖ್ಯೆ ಹೊಂದಲೇಬೇಕು. ಅಗಲದಲ್ಲಿ ಸ್ವಲ್ಪ ಆಚೀಚೆ ನಡೆಯುತ್ತದೆ. ಪೇಟೆಯ ದಾರಿಗೆ 35ರಿಂದ 42ರ ಅಗಲ ಒಳ್ಳೆಯದು. ಬೆರಳುದ್ದದಷ್ಟು ಹೊಸ ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ. ನಾಲ್ಕಿಂಚಿನ ದಪ್ಪ ಟೈರು ಒತ್ತಿದ ಹಿಮದ ಮೇಲೆ ತೇಲುತ್ತದೆ, ಆದರೆ ದಿನಾ ಡಾಂಬರಿನ ಮೇಲೆ ತುಳಿಯಲು ಎತ್ತಿನ ಗಾಡಿ ಎಳೆದ ಹಾಗೆ.

ಕೂರಿಸುವ ಕ್ರಮ:

1. ಟೈರನ್ನು ಒಂದು ರಾತ್ರಿ ಬೆಚ್ಚಗಿನ ಕೋಣೆಯಲ್ಲಿಡಿ. ಚಳಿಗೆ ಸೆಟೆದ ರಬ್ಬರು ರಿಮ್ಮಿನ ಮೇಲೆ ಹತ್ತುವುದಿಲ್ಲ.
2. ಪಕ್ಕದಲ್ಲಿರುವ ಬಾಣದ ಗುರುತು ಮುಂದಕ್ಕೆ ಉರುಳುವ ದಿಕ್ಕಿಗೆ ಬರಲಿ. ಮೊಳೆ ಅಂಗೈ ಕೀಳುತ್ತದೆ, ದಪ್ಪ ಗ್ಲೌಸ್ ಹಾಕಿಕೊಳ್ಳಿ.
3. ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನ ಬಳಿ ಮುಗಿಸಿ. ಟೈರಿನ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ತಳ್ಳುತ್ತ ಬಂದರೆ ಕೊನೆಯ ಗೇಣಿಗೆ ಸಡಿಲ ಸಿಗುತ್ತದೆ.
4. ಚಕ್ರ ಕೂರಿಸಿ ತಿರುಗಿಸಿ. ಮೊಳೆಗೂ ಮಡ್‌ಗಾರ್ಡಿಗೂ ನಡುವೆ ಹೆಬ್ಬೆರಳು ಸಲೀಸಾಗಿ ತೂರಬೇಕು. ಮೊಳೆಗೂ ಚೌಕಟ್ಟಿಗೂ ನಡುವೆ ಕನಿಷ್ಠ 5 ಮಿಲಿಮೀಟರ್ ಇರಲಿ.
5. ಮೊದಲ 40 ಕಿಲೋಮೀಟರ್ ಹಿಮವಿಲ್ಲದ ಡಾಂಬರಿನ ಮೇಲೆ, ಜೋರಾಗಿ ಬ್ರೇಕ್ ಹಾಕದೆ, ಎದ್ದು ನಿಂತು ತುಳಿಯದೆ ಓಡಿಸಿ.

ಐದನೆಯದನ್ನೇ ಎಲ್ಲರೂ ಬಿಡುವುದು. ಹೊಸ ಟೈರಿನಲ್ಲಿ ಮೊಳೆ ತನ್ನ ಕುಳಿಯಲ್ಲಿ ಪೂರ್ತಿ ಕೂತಿರುವುದಿಲ್ಲ. ನಿಧಾನವಾಗಿ ಓಡಿಸಿದಾಗ ಅದು ಒಳಕ್ಕೆ ಒತ್ತಿಕೊಂಡು ರಬ್ಬರು ಸುತ್ತ ಬಿಗಿಯುತ್ತದೆ. ಮೊದಲ ಹಿಮ ಬಿದ್ದ ದಿನವೇ ಹೊಸ ಟೈರ್ ಹಾಕಿ ಹೊರಟು ಜೋರು ಬ್ರೇಕ್ ಹಿಡಿದವರ ಮೊಳೆಗಳು ಒಂದೊಂದಾಗಿ ಉದುರುತ್ತವೆ. ಹಾಗಾಗಿ ಹಿಮಕ್ಕೆ ಎರಡು ವಾರ ಮುಂಚೆಯೇ ಟೈರ್ ಬದಲಿಸಿ. ಡಾಂಬರಿನ ಮೇಲೆ ಚರಚರ ಸದ್ದು ಬರುವುದು ಸಹಜ. ವೇಗವೂ ಇಳಿಯುತ್ತದೆ, ಅರ್ಧ ಗಂಟೆಯ ದಾರಿಗೆ ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳಿ.

ಗಾಳಿ

ಬೆಚ್ಚಗಿನ ಕೋಣೆಯಲ್ಲಿ ಗಾಳಿ ಹೊಡೆದು ಚಳಿಗೆ ಹೊರಟರೆ ಒತ್ತಡ ತಾನಾಗಿ ಇಳಿಯುತ್ತದೆ. 20 ಡಿಗ್ರಿಯಲ್ಲಿ 60 ಪಿಎಸ್‌ಐ ಇದ್ದದ್ದು ಮೈನಸ್ 15ರಲ್ಲಿ ಸುಮಾರು 51ಕ್ಕೆ ಬರುತ್ತದೆ. ಪಂಕ್ಚರ್ ಆಗಿದೆ ಎಂದು ಗಾಬರಿಯಾಗಬೇಡಿ, ಲೆಕ್ಕ ಅದೇ. ಬರೀ ಡಾಂಬರಿದ್ದ ದಿನ ಟೈರಿನ ಮೇಲೆ ಬರೆದ ಗರಿಷ್ಠಕ್ಕೆ ಹತ್ತಿರ ಇರಲಿ. ಅಂಚಿನ ಮೊಳೆಗಳು ನೆಲ ಬಿಟ್ಟು ಮೇಲಿರುತ್ತವೆ, ತುಳಿಯುವುದು ಹಗುರ. ಐಸಿದ್ದ ದಿನ ಕನಿಷ್ಠದ ಕಡೆಗೆ ಇಳಿಸಿ, ಟೈರು ಚಪ್ಪಟೆಯಾಗಿ ಅಂಚಿನ ಮೊಳೆಗಳೂ ಕಚ್ಚುತ್ತವೆ. ಟೈರಿನ ಮೇಲೆ ಬರೆದ ಕನಿಷ್ಠಕ್ಕಿಂತ ಇಳಿಸಿದರೆ ಗುಂಡಿಯ ಅಂಚಿಗೆ ರಿಮ್ ಬಡಿದು ಟ್ಯೂಬ್ ಕಚ್ಚಿಹೋಗುತ್ತದೆ. ವಾಲ್ವಿನ ಮುಚ್ಚಳ ಹಾಕದೆ ಬಿಡಬೇಡಿ. ಅದರೊಳಗೆ ನೀರು ಹೆಪ್ಪುಗಟ್ಟಿದರೆ ಪಂಪು ಹಿಡಿದರೂ ಗಾಳಿ ಒಳಗೆ ಹೋಗದು.

ಬ್ರೇಕು

ರಿಮ್ಮಿಗೆ ಒತ್ತುವ ಬ್ರೇಕಿನಲ್ಲಿ ಮೊದಲ ಕೆಲವು ಸುತ್ತು ಏನೂ ಹಿಡಿಯುವುದಿಲ್ಲ. ಬ್ರೇಕಿನ ರಬ್ಬರು ಮೊದಲು ರಿಮ್ಮಿನ ಮೇಲಿನ ಹಿಮದ ಪೊರೆ ಒರೆಸಬೇಕು. ಅದಕ್ಕೇ ಸಿಗ್ನಲ್ ಕಾಣುತ್ತಲೇ ಮೆಲ್ಲಗೆ ಮುಟ್ಟಿಸಿ ಒರೆಸಿಕೊಂಡು, ಆಮೇಲೆ ಹಿಡಿಯಿರಿ. ವಾರಕ್ಕೊಮ್ಮೆ ಆ ರಬ್ಬರಿನಲ್ಲಿ ಚುಚ್ಚಿಕೊಂಡ ಮರಳನ್ನು ಸೂಜಿಯಿಂದ ಕೆದಕಿ ತೆಗೆಯಿರಿ, ಇಲ್ಲದಿದ್ದರೆ ಅದು ಅರದಂತೆ ರಿಮ್ಮನ್ನು ಉಜ್ಜುತ್ತದೆ. ಡಿಸ್ಕ್ ಬ್ರೇಕ್ ನೆಲದ ರೊಚ್ಚೆಯಿಂದ ಮೇಲಿರುವುದರಿಂದ ಉತ್ತಮ. ಎಣ್ಣೆಯಿಂದ ನಡೆಯುವ ಡಿಸ್ಕಿನಲ್ಲಿ ಮಿನರಲ್ ಎಣ್ಣೆ ಇದ್ದರೆ ಕೊರೆಯುವ ಚಳಿಯಲ್ಲಿ ಲಿವರ್ ಮಂದವಾಗಿ ವಾಪಸಾಗುತ್ತದೆ. ಚಕ್ರದ ಗುಂಬದೊಳಗೇ ಇರುವ ಡ್ರಮ್ ಬ್ರೇಕಿಗೆ ಇವು ಯಾವುವೂ ತಟ್ಟುವುದಿಲ್ಲ, ಹಿಡಿತ ಮಾತ್ರ ಸಾಧಾರಣ.

ಹೆಚ್ಚು ಕಾಡುವುದು ಕೇಬಲ್ಲು. ಹಿಂದಿನ ಬ್ರೇಕಿನ ಕೇಬಲ್ ಎಲ್ಲಿ ಕೆಳಕ್ಕೆ ಬಾಗಿ ಮತ್ತೆ ಮೇಲೇರುತ್ತದೋ ಆ ಬಾಗಿನ ತಳದಲ್ಲಿ ನೀರು ನಿಲ್ಲುತ್ತದೆ. ಸೈಕಲ್ ಮನೆಯೊಳಗಿದ್ದಾಗ ಅದು ಸುಮ್ಮನಿರುತ್ತದೆ. ಹೊರಗೆ ಹೋದ ಹತ್ತು ನಿಮಿಷಕ್ಕೆ ಹೆಪ್ಪುಗಟ್ಟುತ್ತದೆ. ಆಗ ಲಿವರ್ ಒತ್ತಿದರೆ ಬರುವುದೇ ಇಲ್ಲ, ಅಥವಾ ಒತ್ತಿದ್ದು ಬಿಡುವುದಿಲ್ಲ, ಚಕ್ರ ಬ್ರೇಕ್ ಹಿಡಿದುಕೊಂಡೇ ಉರುಳುತ್ತದೆ. ಮದ್ದು ಹೀಗೆ. ಬ್ರೇಕನ್ನು ಸಡಿಲಿಸಿ ಹೊರಕೊಳವೆಯನ್ನು ಅದರ ತಾಣಗಳಿಂದ ಕಳಚಿ. ಒಳಗೆ ಸ್ಪಿರಿಟ್ ಹನಿಸಿ ಊದಿ, ಬೆಚ್ಚಗಿನ ಜಾಗದಲ್ಲಿ ಪೂರ್ತಿ ಒಣಗಲಿ. ಆಮೇಲೆ ತೆಳುವಾದ ಎಣ್ಣೆ ನಾಲ್ಕೈದು ಹನಿ ಬಿಟ್ಟು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಿ. ಇಲ್ಲಿ ದಪ್ಪ ಗ್ರೀಸ್ ಬೇಡ. ಕೊಳವೆ ತುಂಡುತುಂಡಾಗಿದ್ದರೆ ಲಿವರಿನಿಂದ ಬ್ರೇಕಿನ ತನಕ ಒಂದೇ ಉದ್ದ ಕೊಳವೆ ಹಾಕಿಸಿ, ನೀರು ನುಗ್ಗುವ ಬಾಯಿಗಳೇ ಕಡಿಮೆಯಾಗುತ್ತವೆ.

ಪೆಡಲ್ ಸುಮ್ಮನೆ ತಿರುಗಿದರೆ

ಚಳಿಗಾಲದ ಅತಿ ವಿಚಿತ್ರ ಕಾಟ ಇದು. ಸಿಗ್ನಲ್ ಹಸಿರಾಗುತ್ತದೆ, ತುಳಿಯುತ್ತೀರಿ, ಪೆಡಲ್ ಮುಂದಕ್ಕೂ ಹಿಂದಕ್ಕೂ ಒಂದೇ ಥರ ತಿರುಗುತ್ತದೆ, ಸೈಕಲ್ ನಿಂತಲ್ಲೇ ನಿಂತಿರುತ್ತದೆ. ಚೈನು ತುಂಡಾಗಿಲ್ಲ. ಹಿಂದಿನ ಹಬ್ಬಿನೊಳಗೆ ಸಣ್ಣ ಸ್ಪ್ರಿಂಗಿನ ಮೇಲೆ ಕೂತ ಕೊಕ್ಕೆಗಳಿರುತ್ತವೆ. ಟಿಕಟಿಕ ಸದ್ದು ಮಾಡುವುದು ಅವೇ. ನೀರು ಹೆಪ್ಪುಗಟ್ಟಿದರೆ ಅಥವಾ ಗ್ರೀಸ್ ಗಟ್ಟಿಯಾದರೆ ಕೊಕ್ಕೆ ಮಡಚಿಕೊಂಡೇ ಅಂಟಿಬಿಡುತ್ತದೆ, ಹಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಸೂಚನೆ ಮುಂಚೆಯೇ ಸಿಗುತ್ತದೆ: ಆ ಟಿಕಟಿಕ ಸದ್ದು ಮಂಕಾಗಿದ್ದರೆ ಅಥವಾ ನಿಂತೇಹೋಗಿದ್ದರೆ ಎಚ್ಚರ.

ದಾರಿಯಲ್ಲಿ ಆದರೆ ಸೈಕಲ್ಲನ್ನು ಬೆಚ್ಚಗಿನ ಕಡೆ ಅರ್ಧ ಗಂಟೆ ನಿಲ್ಲಿಸುವುದೇ ಉಪಾಯ. ಹಲ್ಲುಚಕ್ರವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕಡ್ಡಿಗಳಿಗೆ ಬಿಗಿದು ಮನೆ ಮುಟ್ಟುವ ಒಂದು ಕಸರತ್ತೂ ಇದೆ. ಹಾಗೆ ಮಾಡಿದರೆ ತುಳಿಯುವುದನ್ನು ಒಂದು ಕ್ಷಣವೂ ನಿಲ್ಲಿಸುವಂತಿಲ್ಲ, ವಾಹನಗಳ ನಡುವೆ ಅದು ಬೇಡ. ಸರಿಯಾದ ದುರಸ್ತಿ ಎಂದರೆ ಚಳಿಗಾಲಕ್ಕೆ ಮುಂಚೆ ಆ ಭಾಗ ಬಿಚ್ಚಿಸಿ, ಹಳೆಯ ಗ್ರೀಸ್ ತೊಳೆದು, ಒಣಗಿಸಿ, ತೆಳು ಎಣ್ಣೆ ಹಾಕಿಸುವುದು. ಚಕ್ರದ ಬೇರಿಂಗುಗಳಿಗೆ ಮಾತ್ರ ಗ್ರೀಸೇ ಇರಲಿ. ಹಬ್ಬಿನ ಮೇಲೆ ಜೋರು ನೀರು ಬಿಟ್ಟು ಸೈಕಲ್ ತೊಳೆಯುವುದು ಈ ಕಾಯಿಲೆಗೆ ಆಹ್ವಾನ.

ಮಡ್‌ಗಾರ್ಡ್, ದೀಪ, ಬೀಗ

ಮಡ್‌ಗಾರ್ಡ್ ಟೈರಿಗಿಂತ ಅಗಲವಿರಲಿ. ಮುಂದಿನದರ ತುದಿಗೆ ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ಬರುವಷ್ಟು ಉದ್ದದ ರಬ್ಬರ್ ತುಂಡು ಕಟ್ಟಿ, ಶೂ ಒದ್ದೆಯಾಗುವುದು ಮುಂದಿನ ಚಕ್ರದಿಂದಲೇ. ಒದ್ದೆ ಹಿಮ ಬೀಳುವಾಗ ಮಡ್‌ಗಾರ್ಡಿನೊಳಗೆ ಹಿಮ ಗಿಡಿದು ಚಕ್ರ ನಿಲ್ಲಿಸಬಹುದು. ಬುಡಕ್ಕೆ ಎರಡು ಸಲ ಒದ್ದರೆ ಬೀಳುತ್ತದೆ.

ಲಿಥಿಯಂ ಬ್ಯಾಟರಿ ಚಳಿಗೆ ಕುಗ್ಗುತ್ತದೆ, ದೀಪ ಹೇಳಿದ್ದಕ್ಕಿಂತ ಬೇಗ ಆರುತ್ತದೆ. ಸೈಕಲ್ ನಿಲ್ಲಿಸಿದಾಗ ದೀಪ ಜೇಬಿಗೆ ಹಾಕಿಕೊಳ್ಳಿ. ಎಲೆಕ್ಟ್ರಿಕ್ ಸೈಕಲ್ಲಾದರೆ ಬ್ಯಾಟರಿ ಒಳಗೆ ತನ್ನಿ, ಆದರೆ ತಂದ ಕೂಡಲೇ ಚಾರ್ಜಿಗೆ ಹಾಕಬೇಡಿ. ಸೊನ್ನೆಗಿಂತ ಕೆಳಗಿರುವ ಸೆಲ್ಲಿಗೆ ವಿದ್ಯುತ್ ಕೊಟ್ಟರೆ ಒಳಗೆ ಲೋಹದ ಲಿಥಿಯಂ ಪದರವಾಗಿ ಕೂತು ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಕೋಣೆಯ ಬಿಸಿಗೆ ಬರುವವರೆಗೆ ಎರಡು ಮೂರು ಗಂಟೆ ಬಿಡಿ. ಚಕ್ರದ ಡೈನಮೋದಿಂದ ಉರಿಯುವ ದೀಪಕ್ಕೆ ಈ ರಗಳೆ ಇಲ್ಲ.

ಬೀಗದ ಕೀಲಿತೂತು ನೆಲದ ಕಡೆ ಮುಖಮಾಡಿರಲಿ. ಹೆಪ್ಪುಗಟ್ಟಿದರೆ ಕೀಲಿಯನ್ನು ಅಂಗೈಯಲ್ಲಿ ಬಿಸಿಮಾಡಿ ತೂರಿಸಿ. ಬಿಸಿನೀರು ಸುರಿದರೆ ಈ ಸಲ ತೆರೆಯುತ್ತದೆ, ಮುಂದಿನ ಸಲ ತೆರೆಯುವುದಿಲ್ಲ. ಗ್ರಾಫೈಟ್ ಪುಡಿ ಊದಿಟ್ಟರೆ ಒಳ್ಳೆಯದು.

ಬಟ್ಟೆ

ಮನೆಯ ಬಾಗಿಲಲ್ಲಿ ನಿಂತಾಗ ಬೆಚ್ಚಗನಿಸಿದರೆ ಬಟ್ಟೆ ಹೆಚ್ಚಾಯಿತು ಎಂದೇ ಅರ್ಥ. ಸ್ವಲ್ಪ ನಡುಗುತ್ತ ಹೊರಡಬೇಕು, ಹತ್ತು ನಿಮಿಷ ತುಳಿಯುವಷ್ಟರಲ್ಲಿ ಮೈ ತಾನೇ ಕಾಯುತ್ತದೆ. ಅತಿಯಾಗಿ ಹೊದ್ದವರು ಬೆವರುತ್ತಾರೆ, ಸಿಗ್ನಲ್ಲಿನಲ್ಲಿ ನಿಂತಾಗ ಆ ಬೆವರು ಮೈಯ ಬಿಸಿ ಹೀರುತ್ತದೆ. ಮೈಗಂಟಿದ ಪದರ ಮೆರಿನೋ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಹತ್ತಿ ಬನಿಯನ್ ಬೆವರು ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಗಾಳಿ ತಡೆಯುವ ತೆಳು ಜಾಕೆಟ್, ಕಂಕುಳಲ್ಲಿ ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಮೈನಸ್ 5ರ ಕೆಳಗೆ ಇವೆರಡರ ನಡುವೆ ತೆಳುವಾದ ಉಣ್ಣೆಯ ಪದರ, ಮೈನಸ್ 15ರ ಕೆಳಗೆ ಅದು ದಪ್ಪದ್ದು. ಕಾಲಿಗೆ ಮೈಗಿಂತ ಒಂದು ಪದರ ಕಡಿಮೆ ಸಾಕು, ದುಡಿಯುವುದೇ ಅವು.

ಗಾಳಿಯ ಲೆಕ್ಕ ಮರೆಯಬೇಡಿ. ಕೆನಡಾ ಮತ್ತು ಅಮೆರಿಕ 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 18ರಂತೆ ತಟ್ಟುತ್ತದೆ. ಸೈಕಲ್ ಸವಾರ ಗಾಳಿಯಿಲ್ಲದ ದಿನವೂ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ.

ಕೈಗೆ ಐದು ಬೆರಳಿನ ದಪ್ಪ ಗ್ಲೌಸಿಗಿಂತ, ಎರಡೆರಡು ಬೆರಳು ಒಟ್ಟಿಗೆ ಕೂರುವ ಗ್ಲೌಸ್ ಬೆಚ್ಚಗೆ. ಎಲ್ಲಕ್ಕಿಂತ ಮೇಲು ಹ್ಯಾಂಡಲ್ಲಿಗೇ ಕಟ್ಟುವ ದಪ್ಪ ಚೀಲ: ಲಿವರು, ಕೈ ಎರಡೂ ಅದರೊಳಗೆ. ನೋಡಲು ಚೆನ್ನಾಗಿಲ್ಲ, ಆದರೆ ಒಳಗೆ ತೆಳು ಗ್ಲೌಸಿನಲ್ಲೇ ಬ್ರೇಕ್ ಚೆನ್ನಾಗಿ ಹಿಡಿಯಬಹುದು. ಶೂ ಅರ್ಧದಿಂದ ಒಂದು ಸೈಜು ದೊಡ್ಡದು ಬೇಕು. ಎರಡು ಸಾಕ್ಸ್ ತುರುಕಿ ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತದೆ. ಪೆಡಲ್ ಲೋಹದ್ದಕ್ಕಿಂತ ಪ್ಲಾಸ್ಟಿಕ್ಕಿನದು ಮೇಲು. ಹೆಲ್ಮೆಟ್ಟಿನ ಕೆಳಗೆ ತೆಳುವಾದ ಮಂಕಿ ಕ್ಯಾಪ್ ಸಾಕು. ದಪ್ಪದ್ದು ಹಾಕಿದರೆ ಹೆಲ್ಮೆಟ್ ತಲೆಯ ಮೇಲೆ ಎದ್ದು ಕೂರುತ್ತದೆ, ಬಿದ್ದಾಗ ಉಪಯೋಗಕ್ಕೆ ಬರದು. ಮೂಗಿನ ಮೇಲೆ ಮಫ್ಲರ್ ಎಳೆದುಕೊಂಡರೆ ಉಸಿರು ಮೇಲೇರಿ ಕನ್ನಡಕ ಮಬ್ಬಾಗುತ್ತದೆ; ಮೈನಸ್ 15ರ ಕೆಳಗೆ ಸ್ಕೀ ಕನ್ನಡಕ ಒಳ್ಳೆಯದು.

ಕೆನ್ನೆ, ಮೂಗಿನ ತುದಿ, ಕಿವಿ ಬಿಳಿಚಿ ಮೇಣದಂತಾಗಿ ಜೋಮು ಹಿಡಿದರೆ ಅದು ಹಿಮಕಡಿತದ ಶುರು. ಒಳಗೆ ಹೋಗಿ, ಬೆಚ್ಚಗಿನ ಅಂಗೈ ಒತ್ತಿ ಹಿಡಿಯಿರಿ. ಉಜ್ಜಬೇಡಿ, ಹೀಟರಿಗೆ ಹಿಡಿಯಬೇಡಿ. ಜೋಮು ಹಿಡಿದ ಚರ್ಮ ಸುಟ್ಟರೂ ಗೊತ್ತಾಗದು. ಬಣ್ಣ ಮರಳದಿದ್ದರೆ ಡಾಕ್ಟರನ್ನು ಕಾಣಿ.

ರಸ್ತೆಯಲ್ಲಿ

ಹೊಸದಾಗಿ ಬಿದ್ದ ಒಣ ಹಿಮ ಅಪಾಯವಲ್ಲ, ಕೆಳಗೇನಿದೆ ಎಂದು ಕಾಣುವುದಿಲ್ಲ ಅಷ್ಟೇ. ಕಾರುಗಳು ತುಳಿದು ಉಪ್ಪು ಬೆರೆತ ಕಂದು ಹಿಮ ಒದ್ದೆ ಸಕ್ಕರೆಯಂತೆ ಚಕ್ರವನ್ನು ಬೇಕಾದತ್ತ ಒಯ್ಯುತ್ತದೆ. ಅಲ್ಲಿ ಚಿಕ್ಕ ಗೇರಿನಲ್ಲಿ, ಭಾರ ಹಿಂದಕ್ಕಿಟ್ಟು, ಹ್ಯಾಂಡಲ್ ಸಡಿಲ ಹಿಡಿದು, ನಿಲ್ಲಿಸದೆ ತುಳಿಯುತ್ತ ಹೋಗಿ. ಹ್ಯಾಂಡಲ್ ಒಂದಿಷ್ಟು ಆಡಲಿ ಬಿಡಿ, ಬಿಗಿ ಹಿಡಿದವರೇ ಬೀಳುವುದು.

ಐಸ್ ಕಂಡರೆ ಅದರ ಮೇಲೆ ಹೋಗುವ ಮುಂಚೆಯೇ ವೇಗ ಇಳಿಸಿ. ಮೇಲಿದ್ದಾಗ ಬ್ರೇಕ್ ಇಲ್ಲ, ತಿರುವು ಇಲ್ಲ, ಜೋರು ತುಳಿತ ಇಲ್ಲ, ನೇರ ಉರುಳಿ ದಾಟಿ. ಬ್ರೇಕ್ ಬೇಕೇಬೇಕಾದರೆ ಹಿಂದಿನದು. ಹೆಪ್ಪುಗಟ್ಟಿದ ಗಾಲಿಜಾಡು, ಟ್ರಾಮ್ ಹಳಿ ಇವನ್ನು ಆದಷ್ಟು ಅಡ್ಡಕ್ಕೆ ದಾಟಿ. ಓರೆಯಾಗಿ ಹೋದರೆ ಮುಂದಿನ ಚಕ್ರ ಅದರಲ್ಲೇ ಕೂರುತ್ತದೆ. ಮ್ಯಾನ್‌ಹೋಲ್ ಮುಚ್ಚಳ, ರಸ್ತೆಗೆ ಬಳಿದ ಬಣ್ಣದ ಪಟ್ಟೆ ಇವುಗಳ ಮೇಲೆ ತಿರುಗಬೇಡಿ. ಮೇಲೂ ಕೆಳಗೂ ಗಾಳಿ ಆಡುವುದರಿಂದ ಸೇತುವೆ ಉಳಿದ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಹಿಂದಿನ ಸಂಜೆ ಒದ್ದೆಯಾಗಿದ್ದ ರಸ್ತೆ ಬೆಳಿಗ್ಗೆ ಕಪ್ಪಗೆ ಮಿರುಗುತ್ತಿದ್ದರೆ ಅದನ್ನು ನೀರು ಎಂದು ನಂಬಬೇಡಿ. ಮುಂದೆ ಹೋಗುವ ಕಾರಿನ ಚಕ್ರ ಸಿಂಪಡಿಸುತ್ತಿದೆಯೇ ನೋಡಿ. ಸಿಂಪಡಿಸುತ್ತಿದ್ದರೆ ನೀರು, ಇಲ್ಲದಿದ್ದರೆ ಐಸ್.

ಉಪ್ಪು ಹಾಕಿದ ರಸ್ತೆಯೆಂದು ಮೈಮರೆಯುವಂತಿಲ್ಲ. ಸಾಮಾನ್ಯ ಉಪ್ಪು ಮೈನಸ್ 10ರ ಕೆಳಗೆ ಬಹಳ ನಿಧಾನ.

ರಾಶಿ ಹಾಕಿದ ಹಿಮದಿಂದ ರಸ್ತೆ ಕಿರಿದಾದಾಗ ಅಂಚಿಗೆ ಒತ್ತಿಕೊಂಡು ಹೋಗಬೇಡಿ. ಕಸ, ಗಟ್ಟೆ, ರೊಚ್ಚೆ ಎಲ್ಲ ಸೇರುವುದು ಅಲ್ಲೇ, ಅಡ್ಡರಸ್ತೆಯಿಂದ ಬರುವವರಿಗೆ ಹಿಮದ ಗುಡ್ಡೆಯ ಹಿಂದೆ ನೀವು ಕಾಣುವುದೂ ಇಲ್ಲ. ಮಳೆ ಬಿದ್ದಕೂಡಲೇ ಹೆಪ್ಪುಗಟ್ಟುವ ದಿನ, ಹಿಮಬಿರುಗಾಳಿಯಲ್ಲಿ ವಾಹನ ಚಾಲಕರಿಗೆ ನೀವು ಕಾಣದ ದಿನ ಬಸ್ಸು ಹಿಡಿಯಿರಿ.

ಪಂಕ್ಚರಿಗೆ ತೇಪೆ ನೆಚ್ಚಿಕೊಳ್ಳಬೇಡಿ, ಅಂಟು ಚಳಿಯಲ್ಲಿ ಒಣಗುವುದೇ ಇಲ್ಲ. ಒಂದು ಟ್ಯೂಬು, ಎರಡು ಟೈರ್ ಲಿವರ್, ಕೈಪಂಪು ಇಟ್ಟುಕೊಳ್ಳಿ.

ಮನೆ ಮುಟ್ಟಿದ ಮೇಲೆ

ಸೈಕಲ್ ಒಂದೋ ಸದಾ ಚಳಿಯಲ್ಲೇ ಇರಬೇಕು, ಇಲ್ಲವೇ ಒಳಗೆ ಬಂದು ಪೂರ್ತಿ ಒಣಗಬೇಕು. ಒಂದು ಗಂಟೆ ಒಳಗಿಟ್ಟು ಹಿಮ ಕರಗಿಸಿ ಮತ್ತೆ ಹೊರಗೆ ನಿಲ್ಲಿಸುವುದು ಅತಿ ಕೆಟ್ಟ ಪದ್ಧತಿ. ಆ ನೀರು ಕೇಬಲ್ಲಿಗೂ ಹಬ್ಬಿಗೂ ಇಳಿದಿರುತ್ತದೆ. ಹೊರಗೇ ಇಡುವುದಾದರೆ ಬ್ರಶ್ಶಿನಿಂದ ಹಿಮ ಗುಡಿಸಿ, ಬ್ರೇಕ್ ನಾಲ್ಕು ಸಲ ಹಿಡಿದು ಬಿಟ್ಟು, ಹೊದಿಕೆಯಿಲ್ಲದೆ ಸೂರಿನಡಿ ನಿಲ್ಲಿಸಿ.

ಚೈನನ್ನು ಪ್ರತಿ ಸಂಜೆ ಹಳೆ ಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ ಒರೆಸಿ. ವಾರಕ್ಕೊಮ್ಮೆ ಒದ್ದೆ ರಸ್ತೆಗೆಂದೇ ಬರುವ ಎಣ್ಣೆಯನ್ನು ಪ್ರತಿ ಕೊಂಡಿಗೆ ಒಂದು ಹನಿಯಂತೆ ಹಾಕಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿ. ಹೊರಗೆ ಉಳಿದ ಎಣ್ಣೆ ಮರಳು ಹಿಡಿಯಲು ಮಾತ್ರ ಉಪಯೋಗ. ಉಪ್ಪು ಹಾಕುವ ಊರಾದರೆ ಹದಿನೈದು ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಿನ ಬಕೆಟ್ಟು, ಸ್ಪಂಜಿನಿಂದ ತೊಳೆದು ಒಳಗೆ ಒಣಗಿಸಿ. ಸೀಟಿನ ಕಂಬವನ್ನು ತಿಂಗಳಿಗೊಮ್ಮೆ ಹೊರಗೆಳೆದು ಗ್ರೀಸ್ ಹಚ್ಚಿ, ಇಲ್ಲದಿದ್ದರೆ ವಸಂತದ ಹೊತ್ತಿಗೆ ಅದು ಚೌಕಟ್ಟಿಗೆ ತುಕ್ಕಿನಲ್ಲಿ ಬೆಸೆದುಕೊಂಡಿರುತ್ತದೆ.

ಹಿಮ ಹೋದರೂ ರಸ್ತೆಯ ಮೇಲೆ ಹರಡಿದ ಜಲ್ಲಿ ಕೆಲವು ವಾರ ಉಳಿಯುತ್ತದೆ, ತಿರುವಿನಲ್ಲಿ ಅದು ಗೋಲಿಗಳ ಹಾಗೆ. ರಾತ್ರಿಯ ಉಷ್ಣತೆ ಸೊನ್ನೆಗಿಂತ ಮೇಲೆ ನಿಂತಮೇಲೆ ಮೊಳೆ ಟೈರ್ ಬಿಚ್ಚಿ ತೊಳೆದು ಒಣಗಿಸಿ. ಉದುರಿದ ಮೊಳೆಗಳ ಜಾಗ ಎಣಿಸಿ. ಬಿಡಿ ಮೊಳೆ, ಅದನ್ನು ಒತ್ತುವ ಸಣ್ಣ ಸಾಧನ ಎರಡೂ ಕೊಳ್ಳಲು ಸಿಗುತ್ತವೆ. ಯಾವುದು ಮುಂದಿನದು, ಯಾವುದು ಹಿಂದಿನದು, ಯಾವ ದಿಕ್ಕಿಗೆ ಉರುಳುತ್ತಿತ್ತು ಎಂದು ಸೀಮೆಸುಣ್ಣದಲ್ಲಿ ಬರೆದಿಟ್ಟು, ಬಿಸಿಲು ಬೀಳದ ಕಡೆ ತೂಗುಹಾಕಿ.